ನನ್ನ ಮೀಟರಿನ ಕಾವು

ಜೂನ್ 3, ಬೆಳಿಗ್ಗೆ

ಹಾಲು ನಿಲ್ಲಿಸಿ ಮೂರು ದಿನ. ಕಪ್ಪು ಟೀ ಅಭ್ಯಾಸವಾಯಿತು ಎಂದು ಬರೆಯಲು ಹೊರಟೆ... ಸುಳ್ಳು. ಆಗಿಲ್ಲ. ಬಾಯೆಲ್ಲ ಒಗರು. ಓದುವವರು ಯಾರೂ ಇಲ್ಲದ ಪುಸ್ತಕದಲ್ಲಿ ಯಾರನ್ನು ಮೆಚ್ಚಿಸಲು ಸುಳ್ಳು ಬರೆಯಬೇಕು?

ಹಾಲು ಹೋಯಿತು. ಬಸ್ಸು ಹೋಯಿತು. ಸಂಜೆಯ ಬನ್ನು, ಫೋನಿನ ದೊಡ್ಡ ಪ್ಯಾಕು, ಎಲ್ಲ ಹೋಯಿತು. ಬಾಡಿಗೆ, ಅಕ್ಕಿ, ಸೋಪು ಮಾತ್ರ ಜಪ್ಪಯ್ಯ ಅಂದರೂ ಹೋಗುವುದಿಲ್ಲ.

ಅಕ್ಕ ನಿನ್ನೆ ಫೋನ್ ಮಾಡಿದ್ದಳು. ಅಂಗಡಿ ಸಿಕ್ಕಿತಂತೆ. ಒಂದೇ ಶಟರ್, ಎರಡು ಹೊಲಿಗೆ ಮಷಿನ್ ಹಿಡಿಯುತ್ತದೆ. ಹತ್ತು ವರ್ಷ ಇನ್ನೊಬ್ಬರ ಗಾರ್ಮೆಂಟ್ಸಿನಲ್ಲಿ ಬರೀ ಕಾಲರ್ ಹೊಲಿದವಳು. ಅಡ್ವಾನ್ಸ್ ಜುಲೈ ಒಂದಕ್ಕೆ ಕೊಡಬೇಕು, ತಪ್ಪಿದರೆ ಬೇರೆಯವರಿಗೆ. ಅದರಲ್ಲಿ ಅವಳ ಹನ್ನೆರಡು ಸಾವಿರ ನನ್ನ ಹತ್ತಿರ ಇದೆ. ಅಂದರೆ ಇಲ್ಲ. ಈ ರೂಮಿನ ಡಿಪಾಸಿಟ್ಟು, ಮಂಚ, ಫ್ರಿಜ್ಜು ಆಗಿ ನಿಂತಿದೆ. ಒಬ್ಬನೇ ಇದ್ದು ನೋಡ್ತೀನಿ ಎಂದು ಮನೆ ಬಿಟ್ಟ ದಿನ ಅಮ್ಮನಿಗೆ ಹೇಳದೆ ಕೈಗಿಟ್ಟಿದ್ದಳು.

"ಆದಷ್ಟು ಕೊಡೋ," ಅಂದಳು. "ಆಗ್ಲಿಲ್ಲಾಂದ್ರೆ ಏನ್ ಮಾಡೋಕಾಗುತ್ತೆ."

ಬೈದಿದ್ದರೆ ಚೆನ್ನಾಗಿತ್ತು.

ಡಬ್ಬಿಯಲ್ಲಿ ಒಂದೂವರೆ ಸಾವಿರ.

ಜೂನ್ 5

ಫ್ರಿಜ್ ಮಾರಿದೆ. ಮೂಲೆಯ ಟೀ ಅಂಗಡಿಯವನು ಮೂರೂವರೆ ಸಾವಿರ ಕೊಟ್ಟ. ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ, "ಒಳಗೆ ಲೈಟೇ ಉರಿಯಲ್ವಲ್ಲೋ, ಎಲೆಕ್ಟ್ರಿಷಿಯನ್ ಅಂತೀಯ" ಅಂದ. ಹೆಲ್ಪರ್ ಅಂದೆ. ಹೆಲ್ಪರನ್ನು ಎಲೆಕ್ಟ್ರಿಷಿಯನ್ ಅಂದರೆ ಮೇಸ್ತ್ರಿಗೆ ಕೋಪ ಬರುತ್ತದೆ.

ಅದು ಹೋದ ಮೇಲೆ ರೂಮು ಎಷ್ಟು ಸದ್ದಿಲ್ಲದ್ದು! ಒಂದೂವರೆ ವರ್ಷ ಗುಂಯ್ ಅನ್ನುತ್ತಲೇ ಇತ್ತೆಂದು ಇವತ್ತೇ ಗೊತ್ತಾಯಿತು. ಪಕ್ಕದ ಬೀದಿಯ ನಲ್ಲಿ ಕೂಡ ಕೇಳುತ್ತಿದೆ.

ಜೂನ್ 7, ಭಾನುವಾರ

ಫ್ರಿಜ್ ಇಲ್ಲದ ಮೀಟರ್ ನಿಂತಿರುವುದನ್ನು ಕಣ್ಣಾರೆ ನೋಡಬೇಕು ಅನ್ನಿಸಿತು. ಫ್ಯಾನ್ ಆರಿಸಿದೆ. ಚಾರ್ಜರ್ ಕಿತ್ತೆ. ಒಂದೂ ಸ್ವಿಚ್ ಮೇಲಿಲ್ಲ. ಬಾಗಿಲಾಚೆ ಹೋಗಿ ಮೀಟರಿನ ಗಾಜು ಒರೆಸಿ ನೋಡಿದರೆ... ಚಕ್ರ ತಿರುಗುತ್ತಿದೆ.

ನಿಧಾನಕ್ಕೆ. ಯಾವ ಅವಸರವೂ ಇಲ್ಲದೆ. ಕೆಂಪು ಗುರುತು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ಒಳಗೆ ಯಾರೋ ನಡೆದಾಡಿದ ಹಾಗೆ. ಎಷ್ಟು ಹೊತ್ತು ನೋಡಿದೆನೋ. ಕುತ್ತಿಗೆ ನೋವು ಬಂದ ಮೇಲೆ ಒಳಗೆ ಬಂದೆ.

ಜೂನ್ 8

ಮೇಸ್ತ್ರಿಗೆ ಹೇಳಿದೆ. ಏಣಿಯ ಮೇಲಿಂದಲೇ ಉತ್ತರ. "ಹಳೇ ಬಿಲ್ಡಿಂಗ್ ಅಲ್ವೇನೋ? ಗೋಡೆ ಒದ್ದೆ. ಗೋಡೇನೇ ಕರೆಂಟ್ ಕುಡೀತಿರುತ್ತೆ. ಆ ಇಕ್ಕಳ ಕೊಡು."

ಗೋಡೆ ಕುಡಿಯುವುದಕ್ಕೆ ನಾನು ಬಿಲ್ಲು ಕಟ್ಟಬೇಕು. ನಾನು ಕುಡಿಯುವ ಟೀಗೆ ಹಾಲಿಲ್ಲ.

ಜೂನ್ 11

ಬಿಲ್ಲು ಬಂತು. ಕೂಲಿಯಲ್ಲಿ ಎರಡು ದಿನ ಹೋದಂತೆ. ನಾಳೆಯಿಂದ ಕೆಲಸಕ್ಕೆ ಹೊರಡುವಾಗ ಮೇನ್ ಸ್ವಿಚ್ಚನ್ನೇ ಕೆಳಗೆ ಎಳೆಯುವುದು. ಈಗ ಎಳೆದು ನೋಡಿದೆ. ಚಕ್ರ ಟಕ್ಕನೆ ನಿಂತಿತು! ಇಷ್ಟು ಸುಲಭವಾದದ್ದು ಮೊದಲೇ ಯಾಕೆ ಹೊಳೆಯಲಿಲ್ಲ?

ಜೂನ್ 13

ಎರಡು ದಿನ ಹಗಲೆಲ್ಲ ಮೇನ್ ಬಂದ್. ಸಂಜೆ ಬಂದು ಮೀಟರ್ ನೋಡಿದರೆ ಬೆಳಿಗ್ಗೆ ಬಿಟ್ಟ ಅಂಕಿಯೇ ನಿಂತಿದೆ. ಜೇಬಿಗೆ ಯಾರೋ ದುಡ್ಡು ಹಾಕಿ ಹೋದಷ್ಟು ಖುಷಿ. ಗೋಡೆಯನ್ನು ಉಪವಾಸ ಕೆಡವಿದೆ.

ಜೂನ್ 15, ಸಂಜೆ

ಮೆಟ್ಟಿಲು ಹತ್ತುತ್ತಿದ್ದಾಗ ಮರಿ ಆಂಟಿ ಅಡ್ಡ ನಿಂತರು. ಕೆಳಮನೆಯವರು. ಮೆಟ್ಟಿಲ ಕೆಳಗಿನ ಸ್ಟೋರ್‌ರೂಮಿನಲ್ಲಿ ಒಂದು ಪೆಟ್ಟಿಗೆಗೆ ಬಲ್ಬಿನ ಕಾವಿಟ್ಟು ಮೊಟ್ಟೆ ಒಡೆಸಿ ಕೋಳಿಮರಿ ಮಾರುತ್ತಾರೆ. ಗಂಡ ಇಲ್ಲ. ಅದೇ ಜೀವನ.

"ಏ ಹುಡುಗಾ, ನನ್ನ ಪೆಟ್ಟಿಗೆ ಬಲ್ಬು ಹಗಲು ಹೊತ್ತಲ್ಲಿ ಆರಿ ಹೋಗ್ತಿದೆ. ಶುಕ್ರವಾರ, ಶನಿವಾರ ಸಂತೆಗೆ ಹೋಗಿದ್ದೆ, ಆಗ ಏನಾಗಿತ್ತೋ ದೇವರಿಗೇ ಗೊತ್ತು. ಇವತ್ತು ಮನೇಲಿದ್ದೆ, ಕಣ್ಣಾರೆ ನೋಡ್ದೆ. ಕಂಬಳಿ ಹೊದಿಸಿ, ಬಿಸಿನೀರಿನ ಬಾಟ್ಲಿ ಇಟ್ಟು ಸಾಕಾಯ್ತು."

ರೂಮಿಗೆ ಹೋಗಿ ಮೇನ್ ಎತ್ತಿ, ಟೆಸ್ಟರ್ ಹುಡುಕಿ ತಂದು ನೋಡಿದರೆ ಬಲ್ಬು ಜೋರಾಗಿ ಉರಿಯುತ್ತಿದೆ.

"ನೋಡು! ನೀನು ಬಂದ್ರೆ ಉರಿಯುತ್ತೆ. ಅದೇನು ನಿನ್ನ ಮಾವನ ಮಗಳಾ?"

ಟೆಸ್ಟರ್ ಹಿಡಿದೆ, ಎಲ್ಲ ಸರಿ. ಹೋಲ್ಡರ್ ಸಡಿಲವೇನೋ ಎಂದು ಹೊಸದು ಹಾಕಿದೆ. ಬೇಡ ಅಂದರೂ ಐವತ್ತು ಕೈಗೆ ತುರುಕಿದರು. ಬೇಡ ಅಂದದ್ದು ಒಂದೇ ಸಲ. ಅದನ್ನೂ ಬರೆಯಬೇಕು.

ಆಮೇಲೆ ನಡೆದದ್ದನ್ನು ಹೇಗೆ ಬರೆಯುವುದು?

ಪೆಟ್ಟಿಗೆಯಲ್ಲಿ ಮೂವತ್ತು ಮೊಟ್ಟೆ. ಪ್ರತಿಯೊಂದಕ್ಕೂ ಒಂದು ಮೈಗೆ ಪೆನ್ಸಿಲಿನ ಸೊನ್ನೆ, ಇನ್ನೊಂದು ಮೈಗೆ ಕತ್ತರಿ ಗುರುತು. ಬೆಳಿಗ್ಗೆ ಸೊನ್ನೆ ಮೇಲೆ, ಸಂಜೆ ಕತ್ತರಿ ಮೇಲೆ. ತಾಯಿಕೋಳಿ ಕೊಕ್ಕಿನಲ್ಲಿ ಹೊರಳಿಸುವುದನ್ನು ಇವರು ಕೈಯಲ್ಲಿ ಮಾಡುತ್ತಾರೆ. ಬಾಗಿಲು ಹಾಕಿ, ಒಂದು ಮೊಟ್ಟೆಯ ಬುಡಕ್ಕೆ ಟಾರ್ಚ್ ಒತ್ತಿದರು. "ಇಣುಕು."

ಮೊಟ್ಟೆ ಹೊತ್ತಿಕೊಂಡಿತು. ಸಂಜೆಯ ಮುಗಿಲಿನಂಥ ಬಣ್ಣ. ಒಳಗೆ ಕೆಂಪು ದಾರಗಳು, ಕೂದಲಿಗಿಂತ ಸಣ್ಣ, ಒಂದು ಚುಕ್ಕೆಯಿಂದ ಎಲ್ಲ ಕಡೆ ಹರಡಿವೆ. ಮಧ್ಯದಲ್ಲಿ ಸಾಸಿವೆಕಾಳಿನಷ್ಟು ಏನೋ ಜಿಗಿಯುತ್ತಿದೆ. ಬಿಡದೆ ಜಿಗಿಯುತ್ತಿದೆ.

"ಏನದು?"

"ಎದೆ ಕಣೋ. ಇಟ್ಟು ಎಂಟು ದಿನ ಆಯ್ತು."

ಶಾಲೆಯಲ್ಲಿ ಮೊಟ್ಟೆಯ ಚಿತ್ರ ಬಿಡಿಸಿ, ಬಾಣ ಎಳೆದು, ಭಾಗಗಳ ಹೆಸರು ಬರೆದಿದ್ದೆ. ಹತ್ತಕ್ಕೆ ಹತ್ತು ಬಂದಿತ್ತು. ಅದರಲ್ಲಿ ಇದು ಇರಲಿಲ್ಲ. ಇದಿದ್ದಿದ್ದರೆ ನಾನು ಶಾಲೆ ಬಿಡುತ್ತಿದ್ದೆನೇ? ಬಿಡುತ್ತಿದ್ದೆ. ಆದರೂ.

ಮೇಲೆ ಬಂದು ಅನ್ನ ಇಡುವುದನ್ನೇ ಮರೆತಿದ್ದೇನೆ.

ಜೂನ್ 16, ಸಂಜೆ

ಆದದ್ದು ಆದ ಹಾಗೆ.

ಕೆಲಸದಿಂದ ಬಂದು ಮೇನ್ ಮೇಲೆತ್ತಿ ಕೈಕಾಲು ತೊಳೆಯುತ್ತಿದ್ದೆ. ಕೆಳಗಿಂದ ಕರೆದರು. ಸೊಂಟದ ಮೇಲೆ ಕೈ.

"ಚೆನ್ನಾಗಿ ರಿಪೇರಿ ಮಾಡ್ದೆ ನೀನು! ಇವತ್ತೂ ದಿನವಿಡೀ ಇರ್ಲಿಲ್ಲ."

"ಯಾವಾಗ ಹೋಯ್ತು?"

"ಬೆಳಿಗ್ಗೆ. ನೀನು ಚಪ್ಪಲಿ ಬಡಿದುಕೊಂಡು ಇಳಿದು ಹೋದ್ಯಲ್ಲ, ಆಗ."

"ಯಾವಾಗ ಬಂತು?"

"ಈಗ. ನೀನು ಮೇಲೆ ಹೋದೆ, ಇದು ಬಂತು."

ಅವರಿಗೆ ಯಾವ ಅನುಮಾನವೂ ಇರಲಿಲ್ಲ. ನನಗೆ ಬಂತು. ಅಲ್ಲೇ ನಿಂತಿರಿ ಎಂದು ಹೇಳಿ ಓಡಿದೆ. ಮೇನ್ ಎಳೆದೆ.

ಕೆಳಗಿಂದ— "ಹೋಯ್ತು!"

ಎತ್ತಿದೆ. "ಬಂತು!"

ಎಳೆದೆ. "ಅಯ್ಯೋ, ಮತ್ತೆ ಹೋಯ್ತಲ್ಲೋ!"

ಎತ್ತಿದೆ. ಹಿಡಿಯ ಮೇಲೆ ಕೈ ಇಟ್ಟುಕೊಂಡೇ ನಿಂತೆ.

ಆ ವೈರ್ ಎಳೆದದ್ದು ನಾನೇ. ಹೋದ ವರ್ಷ ಓನರ್ ಸ್ಟೋರ್‌ರೂಮಿಗೆ ಒಂದು ಪಾಯಿಂಟ್ ಕೊಡು ಅಂದಿದ್ದರು. ಮೇಸ್ತ್ರಿ ಇಲ್ಲದೆ ಮಾಡಿದ ಮೊದಲ ಕೆಲಸ. ಮೆಟ್ಟಿಲ ಗೋಡೆಯಲ್ಲಿ ಸಿಕ್ಕ ಪೈಪಿನಿಂದ ತೆಗೆದುಕೊಂಡೆ. ಓನರ್ ಕಡೆಯ ಲೈನ್ ಅಂದುಕೊಂಡಿದ್ದೆ. ಅದು ನನ್ನ ರೂಮಿನದು.

ನಾನು ಉಳಿಸುತ್ತಿದ್ದದ್ದು ಗೋಡೆ ಕುಡಿಯುವ ಕರೆಂಟನ್ನಲ್ಲ. ಜಿಗಿಯುವ ಆ ಕಾಳುಗಳದ್ದು.

ಸಡಿಲವಿತ್ತು, ಸರಿಮಾಡಿದೆ ಅಂದರೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ. "ನಾಳೆ ಹೇಳ್ತೀನಿ ಆಂಟಿ" ಅಂದು ಬಾಗಿಲು ಹಾಕಿಕೊಂಡಿದ್ದೇನೆ.

ಜೂನ್ 17, ಬೆಳಿಗ್ಗೆ

ಹೇಳಿದೆ. ಹಲ್ಲುಜ್ಜುವ ಮೊದಲೇ ಹೋಗಿ ಹೇಳಿದೆ, ಉಜ್ಜುತ್ತಾ ಇದ್ದರೆ ಮನಸ್ಸು ಬದಲಾದೀತೆಂದು.

ಬೈದರು. ಅಕ್ಕ ಬೈಯದೆ ಬಿಟ್ಟದ್ದನ್ನೂ ಸೇರಿಸಿ ಬೈದರು. "ನಾಲ್ಕು ಕಾಸು ಉಳಿಸೋಕೆ ಹೋಗಿ ಕೊಂದ್ಯಲ್ಲೋ!" ಆಮೇಲೆ ಟಾರ್ಚ್ ತೆಗೆದುಕೊಂಡರು. ಒಂದೊಂದೇ ಮೊಟ್ಟೆ. ನಾನು ಎತ್ತಿಕೊಡುವುದು, ಅವರು ನೋಡುವುದು. ಕೆಲವು ಬರೀ ಮಬ್ಬು. ದಾರಗಳೆಲ್ಲ ಕರಗಿ ಒಂದು ಕಪ್ಪು ಉಂಗುರ. ಅವನ್ನು ಪಕ್ಕಕ್ಕಿಟ್ಟರು. ಹನ್ನೊಂದು.

ಉಳಿದವು ಜಿಗಿಯುತ್ತಲೇ ಇವೆ! ನಾಲ್ಕು ಹಗಲು ಬೆಂಕಿ ಆರಿಸಿದರೂ. ಯಾವ ಧೈರ್ಯದಲ್ಲಿ? ಯಾರು ಹೇಳಿದರು ತಡೆದುಕೊಳ್ಳಿ ಎಂದು?

"ಇವು ಉಳೀತಾವಾ ಆಂಟಿ?"

"ನೋಡೋಣ. ತಣ್ಣಗಾದವು ತಡವಾಗಿ ಬರ್ತವೆ. ಬಂದ್ರೆ."

ಐವತ್ತು ವಾಪಸ್ ಕೊಟ್ಟೆ. ಹನ್ನೊಂದು ಮೊಟ್ಟೆಯ ಬೆಲೆ ಇನ್ನೂರಿಪ್ಪತ್ತು, ಅದನ್ನೂ ಡಬ್ಬಿಯಿಂದ ತಂದು ಕೊಟ್ಟೆ. ಎಣಿಸಿ ಸೆರಗಿಗೆ ಕಟ್ಟಿಕೊಂಡವರು ಥಟ್ಟನೆ ತಲೆ ಎತ್ತಿದರು.

"ತಡಿ. ಕರೆಂಟು ನಿಂದಾದ್ರೆ, ನಾನು ತಿಂಗಳು ತಿಂಗಳು ಬಲ್ಬಿಗೆ ಅಂತ ಓನರ್‌ಗೆ ಇನ್ನೂರೈವತ್ತು ಕೊಡ್ತಿರೋದು ಯಾವ ಬಲ್ಬಿಗೆ?"

ಜೂನ್ 20

ಓನರ್ ಮನೆ. ಚಪ್ಪಲಿ ಬಿಟ್ಟು ಇಬ್ಬರೂ ನಿಂತೆವು. ಓನರ್ ಪೇಪರಿನಿಂದ ಕಣ್ಣು ತೆಗೆಯಲಿಲ್ಲ.

"ವೈರ್ ಎಳೆದೋನು ಇವನು. ತಪ್ಪು ಇವನದು. ನಾನೇನು ಇವನ ಮೀಟರ್‌ನಿಂದ ತಗೋ ಅಂದಿದ್ನಾ?"

ನಿಜ. ನಿಜ ಅಂತಲೇ ಹೇಳಿದೆ. ಆಂಟಿ ನನ್ನ ಕಾಲು ತುಳಿದರು.

"ಅವನ ತಪ್ಪು ಅವನು ಒಪ್ಕೊಂಡ. ನನ್ನ ಹತ್ರ ಹದಿನಾಲ್ಕು ತಿಂಗಳು ಕರೆಂಟಿನ ದುಡ್ಡು ಇಸ್ಕೊಂಡೋರು ಯಾರು? ಆ ಕರೆಂಟಿಗೆ ಬಿಲ್ಲು ಕಟ್ಟಿದೋನು ಯಾರು? ನಿಮ್ಮ ಬಿಲ್ಲು ಒಂದು ಪೈಸೆ ಏರಿಲ್ವಲ್ಲ, ಆಗ್ಲೂ ಕಣ್ಣು ಪೇಪರಲ್ಲೇ ಇತ್ತಾ?"

ಒಳಗಿಂದ ಓನರ್ ಹೆಂಡತಿ ನಕ್ಕದ್ದು ಕೇಳಿಸಿತು. ಓನರ್ ಪೇಪರ್ ಮಡಚಿದರು. "ಆಯ್ತು ಮಾರಾಯ್ತಿ." ನನ್ನ ಕಡೆ ತಿರುಗಿದರು. "ಮೂರೂವರೆ ಸಾವಿರ. ಮುಂದಿನ ಬಾಡಿಗೇಲಿ ಹಿಡ್ಕೋ."

ಇಳಿದು ಬರುವಾಗ ಆಂಟಿ ಅಂದರು, "ನಿಜ ಹೇಳು, ಬೇಡ ಅನ್ನಲ್ಲ. ಆದ್ರೆ ಎಲ್ಲಾದ್ಕೂ ಮುಂಚೆ ಅದನ್ನೇ ಹೇಳ್ಬೇಡ್ವೋ."

ಜೂನ್ 21, ಭಾನುವಾರ

ಮೇಸ್ತ್ರಿ ಬಂದರು. ಬಲ್ಬಿನ ಲೈನ್ ಓನರ್ ಮೀಟರಿಗೆ ಬದಲಿಸಬೇಕು, ಕಾವು ಇಳಿಯಬಾರದು. ಮೊದಲು ಪೂರ್ತಿ ಹೊಸ ವೈರ್ ಎಳೆದು, ಕೊನೆಗೆ ಮಾತ್ರ ಹಳೆಯದನ್ನು ಕತ್ತರಿಸಿದೆವು. ಆಂಟಿ ಪೆಟ್ಟಿಗೆಯನ್ನು ಕಂಬಳಿ ಸಮೇತ ತಬ್ಬಿ ಕೂತಿದ್ದರು. ಬಲ್ಬು ಒಂದು ಸಲ ಕಣ್ಣು ಮಿಟುಕಿಸಿತು, ಅಷ್ಟೇ.

"ಗೋಡೆ ಕುಡೀತು ಅಂದ್ರಲ್ಲ," ಅಂದೆ.

"ಕುಡಿಯುತ್ತೆ. ಇದು ಕುಡಿದಿರ್ಲಿಲ್ಲ, ಅಷ್ಟೇ. ಇಕ್ಕಳ ಒಳಗಿಡು."

ಮೇಲೆ ಬಂದು ಸ್ವಿಚ್ಚೆಲ್ಲ ಆರಿಸಿ ಮೀಟರ್ ಮುಂದೆ ನಿಂತೆ. ಚಕ್ರ ನಿಂತಿದೆ. ಇದೇ ಬೇಕಿತ್ತಲ್ಲ! ಆದರೂ ಏನೋ ಕಳೆದುಕೊಂಡ ಹಾಗೆ.

ಹದಿನಾಲ್ಕು ತಿಂಗಳು. ತಿಂಗಳಿಗೆ ಒಂದು ಪೆಟ್ಟಿಗೆ. ನಾನು ಮಲಗಿದ್ದಾಗ, ಏಣಿ ಹಿಡಿದಿದ್ದಾಗ, ಬಿಲ್ಲು ನೋಡಿ ಶಪಿಸುತ್ತಿದ್ದಾಗ, ಈ ಚಕ್ರ ತಿರುಗಿ ತಿರುಗಿ ನನ್ನ ಕೆಳಗೆ ಜೀವಗಳನ್ನು ಕೂಡಿಸುತ್ತಿತ್ತು. ಕೆಲಸಕ್ಕೆ ನಡೆದು ಹೋಗುವ ದಾರಿಯ ಹಿತ್ತಲುಗಳಲ್ಲಿ ಈಗ ಓಡಾಡುವ ಕೋಳಿಗಳಲ್ಲಿ ಎಷ್ಟು ನನ್ನ ಮೀಟರ್ ದಾಟಿ ಬಂದವೋ. ನನಗೆ ಗೊತ್ತಿಲ್ಲ, ಅವಕ್ಕೂ ಗೊತ್ತಿಲ್ಲ. ನನ್ನ ಕೈಯಿಂದ ಆದ ದೊಡ್ಡ ಕೆಲಸ ಅದೊಂದೇ. ಅದೂ ತಪ್ಪಿ ಆದದ್ದು.

ಜೂನ್ 27

ಇಪ್ಪತ್ತೈದರಿಂದ ಪೆಟ್ಟಿಗೆ ತೆಗೆಯುವಂತಿಲ್ಲ, ಮೊಟ್ಟೆ ಹೊರಳಿಸುವಂತಿಲ್ಲ. ಮರಿ ಒಳಗೆ ತಲೆ ಎತ್ತ ಇಡಬೇಕೆಂದು ನೋಡಿಕೊಳ್ಳುತ್ತಿರುತ್ತದಂತೆ. ಪೆಟ್ಟಿಗೆಯ ಗಾಜಿನಿಂದ ಇಣುಕಬಹುದು, ಅಷ್ಟೇ. ಲೆಕ್ಕಕ್ಕೆ ನಾಳೆ ಒಡೆಯಬೇಕು.

ಜೂನ್ 28

ಇಲ್ಲ.

ಜೂನ್ 29

ಇಲ್ಲ. ಆಂಟಿ ಕಸ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದಾರೆ. ಹತ್ತೊಂಬತ್ತೂ ಹೋಗಿದ್ದರೆ? ದುಡ್ಡು ಕೊಡಬಹುದು. ದುಡ್ಡು ಕೊಟ್ಟರೆ ತೀರುವ ಸಾಲ ಅಲ್ಲ ಅದು.

ಅಕ್ಕ ನಾಳೆ ಬರುತ್ತಾಳೆ. ಬಾಡಿಗೆಯಲ್ಲಿ ಉಳಿದದ್ದೂ ಸೇರಿ ಹನ್ನೊಂದು ಸಾವಿರದ ಇನ್ನೂರ ಮೂವತ್ತು. ಮೂರು ಸಲ ಎಣಿಸಿದೆ. ಎಣಿಸಿದರೆ ಹೆಚ್ಚಾಗುವುದಿಲ್ಲ.

ಜೂನ್ 30, ಬೆಳಿಗ್ಗೆ

ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಒಂದು ಕಡೆ ಕೂರಲು ಆಗುತ್ತಿಲ್ಲ.

ಬೆಳಗಾಗುತ್ತಲೇ ಆಂಟಿ ಬಾಗಿಲು ತಟ್ಟಿದರು. ಕೈ ಹಿಡಿದು ಎಳೆದುಕೊಂಡು ಹೋಗಿ ಪೆಟ್ಟಿಗೆಗೆ ನನ್ನ ಕಿವಿ ಒತ್ತಿಸಿದರು. ಮೊದಲು ಏನೂ ಇಲ್ಲ. ಆಮೇಲೆ... ಚಿಂವ್. ಒಡೆಯದ ಮೊಟ್ಟೆಯ ಒಳಗಿಂದ! ಚಿಪ್ಪಿನ ಮೇಲೆ ಒಂದು ಗೆರೆಯೂ ಇಲ್ಲ, ಒಳಗೆ ಯಾರೋ ಮಾತಾಡುತ್ತಿದ್ದಾರೆ. ಇನ್ನೊಂದು ಮೊಟ್ಟೆ ಅದಕ್ಕೆ ಉತ್ತರ ಕೊಟ್ಟಿತು.

ಅಕ್ಕ ಮೊದಲ ಬಸ್ಸಿಗೇ ಬಂದಳು. ಮೇಲೆ ಬರುವ ಮೊದಲೇ ಆಂಟಿ ಅವಳನ್ನೂ ಎಳೆದು ಕೂರಿಸಿದ್ದಾರೆ. ಬ್ಯಾಗು ತೊಡೆಯ ಮೇಲಿದೆ, ಮೂಗು ಗಾಜಿಗೆ ಅಂಟಿದೆ. ದುಡ್ಡಿನ ಕವರ್ ಕೊಟ್ಟೆ.

"ಏಳುನೂರ ಎಪ್ಪತ್ತು ಕಮ್ಮಿ ಇದೆ ಅಕ್ಕ. ಯಾಕೆ ಅಂತ ಹೇಳ್ತೀನಿ—"

ಎಣಿಸದೆ ಬ್ಯಾಗಿಗೆ ಹಾಕಿಕೊಂಡಳು. "ಅಷ್ಟು ನಾನು ಹಾಕ್ತೀನಿ. ನಾಳೆ ಅಂಗಡಿ ಕೀ ನಮ್ಮದು. ಈಗ ಬಾಯಿ ಮುಚ್ಚೋ, ಕೇಳಿಸ್ತಿಲ್ಲ."

ಇಬ್ಬರ ತಲೆಯೂ ಒಂದಕ್ಕೊಂದು ತಾಗಿದೆ. ಬಲ್ಬಿನ ಬೆಳಕು ಅಕ್ಕನ ಮುಖದ ಮೇಲೆ. ಕೆಂಪಾಗಿ, ಟಾರ್ಚ್ ಒತ್ತಿದ ಮೊಟ್ಟೆಯ ಹಾಗೆ... ಅವಳು ಇಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ನೋಡಿಯೇ ಇರಲಿಲ್ಲ.

ಕರೆಯುತ್ತಿದ್ದಾಳೆ. "ಬಾರೋ, ಬೇಗ!" ಮೂಲೆಯ ಮೊಟ್ಟೆ, ಕತ್ತರಿ ಗುರುತಿನ ಪಕ್ಕದಲ್ಲೇ ಒಂದು—