ಮುಬಶೀರನ ಪಾಲಿನ ಹಾಲು

ಅಜ್ಜಂಪುರ,
ಶನಿವಾರ, ೧೪ ಜೂನ್ ೨೦೨೫

ನನ್ನ ಅತೀಯಾ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಎರಡನೆಯ ಕೀಮೋ ಆದವರು ಹೇಗಿರುತ್ತಾರೋ ಹಾಗಿರುತ್ತೀಯ. ಬಾಯಿಹುಣ್ಣು ಸ್ವಲ್ಪವಾದರೂ ಆರಿರಲಿ ಎಂದು ದಿನಾ ಬೇಡಿಕೊಳ್ಳುತ್ತಿದ್ದೇನೆ. ಇಷ್ಟು ದಿನ ಒಂದಕ್ಷರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಬಾಣಂತಿ ಓದಬಾರದು, ಬರೆಯಬಾರದು, ಕಣ್ಣಿನ ನರ ಸೆಳೆಯುತ್ತದೆ ಎಂದು ನಮ್ಮಮ್ಮ ಪೆನ್ನನ್ನೂ ಎತ್ತಿಟ್ಟಿದ್ದಾಳೆ. ಈಗ ಅವಳು ಅಂಗಡಿಗೆ ಹೋಗಿದ್ದಾಳೆ. ಕಿವಿಗೆ ಹತ್ತಿ ತುರುಕಿಕೊಂಡು, ತಲೆಗೆ ಸ್ಕಾರ್ಫ್ ಬಿಗಿದುಕೊಂಡು ಕಳ್ಳಿಯ ಹಾಗೆ ಕೂತು ಬರೆಯುತ್ತಿದ್ದೇನೆ. ನಿನಗೂ ಸ್ಕಾರ್ಫು, ನನಗೂ ಸ್ಕಾರ್ಫು. ತರೀಕೆರೆ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರಿಗೆ ಈಗಲೂ ಒಂದೇ ಯೂನಿಫಾರ್ಮು ನೋಡು.

ಫೋನ್ ಮಾಡಬಹುದಿತ್ತು. ಆದರೆ ಮಾತಾಡಿದರೆ ನಿನಗೆ ಹುಣ್ಣು ಉರಿಯುತ್ತದೆ. ಅದೂ ಅಲ್ಲದೆ ಫೋನಿನಲ್ಲಿ ನಿನ್ನ ಕೂಸು ಮುಬಶೀರ್ ಅತ್ತರೆ ನಿನ್ನ ಎದೆ ಬಿಗಿದುಕೊಂಡು ನೋಯುತ್ತದೆ ಎಂದು ನಿಮ್ಮಕ್ಕ ಸೂಫಿಯಾ ಹೇಳಿದರು. ಕಾಗದವಾದರೆ ಸುಮ್ಮನೆ ಓದಿಕೊಳ್ಳಬಹುದು. ನೀನು ಎದುರು ಮಾತಾಡದ ಹಾಗೆ ನಿನ್ನನ್ನು ಬೈಯುವ ಅವಕಾಶ ನನಗೆ ಇನ್ನೆಲ್ಲಿ ಸಿಗಬೇಕು? ನಾಳೆ ನಿನ್ನ ಗಂಡ, ನಮ್ಮ ಅಖೀಲಣ್ಣ, ನಿನ್ನ ಒಗೆದ ಬಟ್ಟೆಗಳ ಜೊತೆ ಇದನ್ನೂ ಶಿವಮೊಗ್ಗಕ್ಕೆ, ಸೂಫಿಯಕ್ಕನ ಮನೆಗೆ ತರುತ್ತಾನೆ.

ಬೈಗುಳ ಮೊದಲು ಮುಗಿಸಿಬಿಡುತ್ತೇನೆ. ನಿನ್ನೆ ಅಖೀಲಣ್ಣ ಕಾಂಪೌಂಡಿನ ಆಚೆಯಿಂದ ಕರೆದು ಸುದ್ದಿ ಹೇಳಿದ. ಬುಧವಾರದ ಮೂರನೆಯ ಕೀಮೋಗೆ ನೀನು ಹೋಗುವುದಿಲ್ಲವಂತೆ. ಊರಿಗೇ ಬಂದುಬಿಡುತ್ತೀಯಂತೆ. ಮಗುವಿಗೆ ನಾನು ಹಾಲು ಕೊಡುತ್ತಿದ್ದೇನೆ ಎಂದು ಅವನು ಬಾಯಿ ತಪ್ಪಿ ಹೇಳಿದ್ದಕ್ಕೆ, "ಅವ್ಳ ಮಗೀನ ಪಾಲು ಕಸ್ಕೊಂಡು ನನ್ ಮಗ ಬೆಳೆಯೋದು ಬೇಡ, ಅವನಿಗೆ ನಾನೇ ದಾರಿ ಮಾಡ್ತೀನಿ" ಎಂದೆಯಂತೆ. ಏನು ದಾರಿ ಮಾಡುತ್ತೀಯ ತಾಯಿ? ಮೈಯಲ್ಲಿ ಆ ಔಷಧಿ ಹರಿಯುವಾಗ ಮಗುವಿಗೆ ಹಾಲು ಕೊಡಬಾರದೆಂದು ಡಾಕ್ಟರು ನಿನಗೆ ಬಿಡಿಸಿ ಹೇಳಿದ್ದಾರೆ. ನೀನು ಮಗನನ್ನು ಸುಧಾರಿಸಿಕೊಂಡು ವಾಪಸ್ ಬರುವವರೆಗೆ ಎದೆಯ ಗಡ್ಡೆಯೇನು ಕೈಕಟ್ಟಿ ಕಾಯುತ್ತದೆಯೇ?

ಒಂದು ಸಲ ತಡವಾಗಿದೆ, ಮರೆಯಬೇಡ. ಹಾಲು ಕಟ್ಟಿಕೊಂಡಿದೆ ಎಂದು ನಿಮ್ಮತ್ತೆ ಮತ್ತು ನಮ್ಮಮ್ಮ ಸೇರಿಕೊಂಡು ಅದೇ ಗಡ್ಡೆಗೆ ಬಿಸಿಬಟ್ಟೆಯ ಶಾಖ ಕೊಟ್ಟರಲ್ಲ. ಈಗ ಅದರ ಮಾತು ಬಂದರೆ ಇಬ್ಬರೂ ತಪ್ಪಿತಸ್ಥರ ಹಾಗೆ ತಲೆ ತಗ್ಗಿಸುತ್ತಾರೆ. ನನಗೆ ಭಯವಾಗುತ್ತಿದೆ ಕಣೇ. ಬುಧವಾರ ನೀನು ಆಸ್ಪತ್ರೆಗೆ ಹೋದೆ ಎನ್ನುವ ಸುದ್ದಿ ಬರುವವರೆಗೂ ಬಾಗಿಲನ್ನೇ ನೋಡುತ್ತಾ ಕೂತಿರುತ್ತೇನೆ.

ಹಾಲಿನ ವಿಷಯವನ್ನು ನಾನೇ ಮೊದಲಿನಿಂದ ಹೇಳುತ್ತೇನೆ. ನೀನು ಹೋದಮೇಲೆ ಅವನು ಬಾಟಲಿ ಮುಟ್ಟಲಿಲ್ಲ. ನಿಮ್ಮತ್ತೆ ಮಹಬೂಬ್ ಬಿ ನಿಪ್ಪಲ್ ಬದಲಾಯಿಸಿದರು, ಡಬ್ಬಿಹಾಲು ಬದಲಾಯಿಸಿದರು, ಕಾಲ ಮೇಲೆ ಮಲಗಿಸಿಕೊಂಡು ಒಳಲೆಯಲ್ಲಿ ಹನಿಹನಿಯಾಗಿ ಬಿಟ್ಟರು. ಎಲ್ಲವನ್ನೂ ಉಗಿದ. ಯಾರದೋ ಮಾತು ಕೇಳಿ ಆಡಿನ ಹಾಲು ಕುಡಿಸಿದ್ದಕ್ಕೆ ಭೇದಿ ಹತ್ತಿತು. ನರ್ಸಮ್ಮ ತೂಕ ಹಾಕಿ ಮುಖ ಸಪ್ಪಗೆ ಮಾಡಿದರು. ಇದೊಂದೂ ನಿನ್ನ ಕಿವಿಗೆ ಬೀಳಬಾರದೆಂದು ಎರಡೂ ಮನೆಯವರು ಮಾತಾಡಿಕೊಂಡಿದ್ದೆವು.

ಒಂದು ಮಧ್ಯಾಹ್ನ ನಿಮ್ಮತ್ತೆ ದೃಷ್ಟಿ ತೆಗೆಸಲು ಅವನನ್ನು ನಮ್ಮ ಮನೆಗೆ ಎತ್ತಿಕೊಂಡು ಬಂದರು. ನಮ್ಮಮ್ಮ ಕರಿಬಸಮ್ಮ ದೃಷ್ಟಿ ತೆಗೆದರೆ ಮಕ್ಕಳ ಅಳು ನಿಲ್ಲುತ್ತದೆ ಎಂದು ನಮ್ಮ ಬೀದಿಯಲ್ಲಿ ಎಲ್ಲ ಜಾತಿಯವರೂ ಬರುತ್ತಾರೆ, ಅಮ್ಮನಿಗೂ ಅದೊಂದು ಜಂಬ. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಮನೆಯೆಲ್ಲ ತುಂಬಿತು. ದೃಷ್ಟಿಯಾಗಿದ್ದರೆ ಘಾಟು ಬರಬಾರದಲ್ಲ. ಅಮ್ಮ ಕೈ ತೊಳೆದುಕೊಂಡು ಬಂದು ಇದು ದೃಷ್ಟಿಯಲ್ಲ ಮಹಬೂಬಕ್ಕ, ಹಸಿವು ಎಂದಳು.

ನಾನು ಒಳಗಿನ ಕೋಣೆಯಲ್ಲಿ ಮಲಗಿದ್ದೆ. ಅವನಿಗೆ ಅಳುವ ಶಕ್ತಿಯೂ ಉಳಿದಿರಲಿಲ್ಲ, ಬೆಕ್ಕಿನ ಮರಿಯ ಹಾಗೆ ಕುಂಯ್‌ಗುಡುತ್ತಿದ್ದ. ಆ ದನಿಗೆ ನನ್ನ ಎದೆ ಒದ್ದೆಯಾಯಿತು. ಎದ್ದು ಬಂದು ಕೈ ಚಾಚಿದೆ. ನಿಮ್ಮತ್ತೆ ಕೂಡಲೇ ಕೊಡಲಿಲ್ಲ.

"ನೋಡು ಬೇಟಿ, ಹಾಲು ಕುಡ್ಸಿದ್ರೆ ನೀನೂ ಇವ್ನಿಗೆ ತಾಯಿ ಆಗ್ತೀಯ. ನಮ್ಮಲ್ಲಿ ಅದು ಬರೀ ಬಾಯ್ಮಾತಲ್ಲ. ನಿನ್ ಹೊಟ್ಟೇಲಿ ಹುಟ್ಟೋರೆಲ್ಲ ಇವ್ನಿಗೆ ಒಡಹುಟ್ಟಿದೋರ ಲೆಕ್ಕ. ಅತೀಯಾನ ಕೇಳ್ದೆ ನಾನು ಹೆಂಗೆ ಹ್ಞೂಂ ಅನ್ಲಿ?"

ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಅವರ ತೋಳಿನಿಂದ ಮಗುವನ್ನು ಬಿಡಿಸಿಕೊಂಡು, ಕೇಳುವುದು ಆಮೇಲಾಗಲಿ, ಮೊದಲು ಕೂಸು ಉಳಿಯಲಿ ಎಂದು ನನ್ನ ಮಡಿಲಿಗೆ ಹಾಕಿದಳು. ಅವನು ಮೊದಲು ಒಲ್ಲೆನೆಂದು ಮುಖ ತಿರುಗಿಸಿದ, ವಾಸನೆ ಬೇರೆ ಅನಿಸಿರಬೇಕು. ಆಮೇಲೆ ಬಾಯಿ ಹಾಕಿದ. ಗುಟುಕರಿಸುವ ಸದ್ದು ಕೇಳಿ ನಿಮ್ಮತ್ತೆ ಗೋಡೆಯ ಕಡೆ ತಿರುಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಹೆರಿಗೆಗೆ ಮುಂಚೆ ಮಾಡಿಸಿದ ನನ್ನ ರಕ್ತಪರೀಕ್ಷೆಗಳನ್ನೆಲ್ಲ ನರ್ಸಮ್ಮ ನೋಡಿ, ಧಾರಾಳವಾಗಿ ಕೊಡಬಹುದು ಎಂದಿದ್ದಾರೆ. ಈಗ ಅವನ ತೊಡೆಯಲ್ಲಿ ಮಡಿಕೆ ಬಿದ್ದಿದೆ. ಕುಡಿಯುವಾಗ ನನ್ನ ಬಳೆಗೆ ಬೆರಳು ಸಿಕ್ಕಿಸಿಕೊಂಡು ಜಗ್ಗುತ್ತಾನೆ. ಮೂಗು ಅಖೀಲಣ್ಣನದು, ಹಟ ಪೂರ್ತಿ ನಿನ್ನದು. ನಿನ್ನನ್ನು ಕೇಳದೆ ಮಾಡಿದ್ದು ತಪ್ಪೇ. ಈಗ ಕೇಳುತ್ತಿದ್ದೇನೆ. ಬೇಡ ಎನ್ನುವ ಹಕ್ಕು ನಿನಗಿದೆ, ಆದರೆ ಬೇಡ ಅನ್ನಬೇಡ.

ಬುಧವಾರ ಅಖೀಲಣ್ಣನ ಗೂಡ್ಸ್ ಆಟೋಗೆ ಗೊಬ್ಬರದ ಬಾಡಿಗೆ ಇದೆ, ಸೂಫಿಯಕ್ಕನಿಗೆ ಸ್ಕೂಲಿದೆ, ಒಬ್ಬಳೇ ಹೇಗೆ ಹೋಗಲಿ ಎನ್ನುವ ನೆಪವೂ ಬೇಡ. ನಮ್ಮಪ್ಪ ಬೆಳಗಿನ ಮೊದಲ ಬಸ್ಸಿಗೆ ಬರುತ್ತಾರೆ. ಡ್ರಿಪ್ ಮುಗಿಯುವ ತನಕ ಪಕ್ಕದಲ್ಲೇ ಕೂರುತ್ತಾರೆ. ಈರುಳ್ಳಿ ರೇಟಿನಿಂದ ಹಿಡಿದು ಅಜ್ಜಂಪುರ ತಾಲ್ಲೂಕು ಆದ ಕಥೆಯವರೆಗೆ ಹೇಳಿ ತಲೆ ತಿನ್ನುತ್ತಾರೆ. ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೋ, ಬೇಜಾರು ಮಾಡಿಕೊಳ್ಳುವುದಿಲ್ಲ. ಅಮ್ಮ ಅವರ ಕೈಯಲ್ಲಿ ಅಕ್ಕಿತರಿ ಕಳಿಸುತ್ತಾಳೆ. ತೆಳ್ಳಗೆ ಗಂಜಿ ಮಾಡಿಸಿ, ಪೂರ್ತಿ ಆರಿದ ಮೇಲೆ ಕುಡಿ. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದು ಬಿಡಬೇಡ. ನೋಡಲು ಬಂದವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸು. ಬ್ರೆಡ್ಡು, ಬಾಳೆಹಣ್ಣು ತಂದವರು ಕೆಮ್ಮನ್ನೂ ತಂದಿರುತ್ತಾರೆ. ಯಾರೋ ಹೇಳಿದ ಕಷಾಯವನ್ನು ಡಾಕ್ಟರನ್ನು ಕೇಳದೆ ಕುಡಿಯಬೇಡ. ಮೈ ಬೆಚ್ಚಗಾದರೆ ಬೆಳಗಾಗಲಿ ನೋಡೋಣ ಎಂದು ಕೂರದೆ ಆಸ್ಪತ್ರೆಗೆ ಓಡು.

ಅಮ್ಮ ಬರುವ ಹೊತ್ತಾಯಿತು. ನಿಮ್ಮತ್ತೆ ದಿನಕ್ಕೆ ಐದು ಸಲ ನಿನಗಾಗಿ ದುವಾ ಮಾಡುತ್ತಾರೆ. ನಮ್ಮಮ್ಮ ಅಂತರಘಟ್ಟಮ್ಮನಿಗೆ ಹರಕೆ ಹೊತ್ತಿದ್ದಾಳೆ. ಯಾರು ಮೊದಲು ಕಿವಿಗೊಡುತ್ತಾರೋ ಅವರು ನಿನ್ನನ್ನು ಕಾಪಾಡಲಿ, ನಿನ್ನ ಕೂದಲು ಮೊದಲಿಗಿಂತ ದಟ್ಟವಾಗಿ ಬರಲಿ, ನೂರು ವರ್ಷ ನನ್ನ ಜೊತೆ ಜಗಳ ಆಡಿಕೊಂಡಿರು.

ನಿನ್ನ
ಸಂಗೀತಾ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಇಷ್ಟು ಬರೆದರೂ ನೀನು ಒಂದೇ ಮಾತು ಹಿಡಿದು ಕೂರುತ್ತೀಯ, ನನ್ನ ಮಗಳ ಪಾಲು ಏನಾಯಿತು ಎಂದು. ಅತೀಯಾ, ಮುಬಶೀರ್ ಯಾರ ಪಾಲನ್ನೂ ಕಸಿದುಕೊಂಡಿಲ್ಲ. ನನ್ನ ಮಗಳಿಗೆ ಹುಟ್ಟುವಾಗಲೇ ಉಸಿರಿರಲಿಲ್ಲ. ಆಗ ನಿನಗೆ ಮೊದಲ ಕೀಮೋ ನಡೆಯುತ್ತಿತ್ತು. ಹೆಣ್ಣುಮಗು, ತಾಯಿ ಮಗು ಚೆನ್ನಾಗಿದ್ದಾರೆ ಎಂದು ನಿನಗೆ ಹೇಳಿಸಿದ್ದು ನಾನೇ.

ಮಗು ಇಲ್ಲದಿದ್ದರೂ ಹಾಲು ಬಂತು. ಬರಬೇಡ ಎಂದು ಅದಕ್ಕೆ ಯಾರು ಹೇಳಬೇಕು? ಹಾಲು ಬತ್ತಲಿ ಎಂದು ಅಮ್ಮ ಮಲ್ಲಿಗೆ ಹೂವು ತಂದು ಎದೆಗಿಟ್ಟು ಬಟ್ಟೆ ಬಿಗಿದು ಕಟ್ಟುತ್ತಿದ್ದಳು. ನಿಮ್ಮತ್ತೆ ಮುಬಶೀರನನ್ನು ತಂದ ಮಧ್ಯಾಹ್ನವೂ ನಾನು ಹಾಗೇ ಮಲಗಿದ್ದೆ. ಆ ಕಟ್ಟನ್ನು ನನ್ನ ಕೈಯಾರೆ ಬಿಚ್ಚಿದೆ. ನಮ್ಮ ಯಜಮಾನರು ಪಂಚನಹಳ್ಳಿಯಿಂದ ಬಂದು ಸುಮ್ಮನೆ ಕೂತು ಎದ್ದು ಹೋಗುತ್ತಾರೆ. ಮನೆಯಲ್ಲಿ ಯಾರೂ ಅವಳ ಮಾತು ಎತ್ತುವುದಿಲ್ಲ.

ನಿನಗೆ ಈಗ ಹೇಳಬಾರದಿತ್ತು. ಆದರೆ ಇದನ್ನು ಹೇಳದೆ ನೀನು ಬುಧವಾರ ಹೋಗುವವಳಲ್ಲ. ಹೋಗು. ಉಳಿದ ಕೀಮೋಗಳನ್ನೂ ಒಂದೂ ತಪ್ಪಿಸದೆ ಮುಗಿಸು, ಮುಗಿಸಿ ಬೇಗ ಬಾ. ನಿನ್ನೆ ಸಂಜೆ ಹಾಲು ಕುಡಿದು ಮಲಗಿದವನನ್ನು ನಿಮ್ಮತ್ತೆಗೆ ಕೊಡಬೇಕಾದಾಗ ನನ್ನ ಕೈ ಬಿಡಲೇ ಇಲ್ಲ. ಅವರು ಸೆರಗು ಒಡ್ಡಿಕೊಂಡು ಕಾಯುತ್ತಾ ನಿಂತಿದ್ದರು. ಅವನು ನಿನ್ನವನು, ನಿನಗೇ ಕೊಡುತ್ತೇನೆ. ನಾನು ಇನ್ನೂ ಒಳ್ಳೆಯವಳಾಗಿರುವಾಗಲೇ ಬಂದುಬಿಡು.