ಸುಕನ್ಯಾಳಿಗೆ ಹೊದಿಸಬೇಕಾದ ಕಂಬಳಿ

ಶಹಾಪುರ, ೩ ಜೂನ್ ೨೦೨೫, ಮಂಗಳವಾರ

ನನ್ನ ಹಳೆಯ ವಿದ್ಯಾರ್ಥಿನಿ ಸುಕನ್ಯಾಳ ದೇಹವನ್ನು ಹಿಮಾಲಯದಿಂದ ಕೆಳಗೆ ತರಲಾಗುವುದಿಲ್ಲವಂತೆ. ಶಿಖರದ ಹತ್ತಿರ ಬಿದ್ದವಳು ಇನ್ನು ಅಲ್ಲಿಯೇ. ಚೌಕದಲ್ಲಿ ಶ್ರದ್ಧಾಂಜಲಿಯ ಬ್ಯಾನರ್ ಕಟ್ಟಿದ್ದಾರೆ. ಅವಳು ಪರ್ವತಾರೋಹಣದ ಅಭ್ಯಾಸಕ್ಕೆಂದು ಕಲ್ಲಿನ ಚೀಲ ಹೊತ್ತು ನಮ್ಮ ಬುದ್ಧನ ಬೆಟ್ಟ ಹತ್ತಿಳಿಯುತ್ತಿದ್ದಾಗ, "ಏನವ್ವಾ, ಕುರಿ ಬಿಟ್ಟು ಕಲ್ಲು ಮೇಸಾಕತ್ತೀ?" ಎಂದು ನಕ್ಕವರೇ ಇವರು. ನಾನು ಮರೆತಿಲ್ಲ.

ಸಂಜೆ ಅವಳ ಊರು ದೋರನಹಳ್ಳಿಗೆ ಹೋಗಿದ್ದೆ. ಅವರ ಮನೆತನದಲ್ಲಿ ಸತ್ತವರಿಗೆ ಕಂಬಳಿ ಹೊದಿಸಿಯೇ ಮಣ್ಣು ಕೊಡುತ್ತಾರೆ. ತಾಯಿ ರೇಣಮ್ಮ ಹೊಸ ಕರಿಕಂಬಳಿ ತಂದು ನನ್ನ ಕೈಗಿಟ್ಟರು.

"ಅಲ್ಲಿ ಭಾಳ ಥಂಡಿ ಅಂತಲ್ರಿ ಸರ. ಮಣ್ಣಂತೂ ಸಿಗಲಿಲ್ಲ, ಇದನ್ನರ ಅಕಿಗಿ ಮುಟ್ಟಸ್ರಿ. ನಿಮಗ ದೊಡ್ಡ ಮಂದಿ ಗುರುತದಾರ."

ಆಗುವುದಿಲ್ಲವೆಂದು ಗೊತ್ತಿದ್ದೂ, ಮುಟ್ಟಿಸುತ್ತೇನೆ ಎಂದು ಹೇಳಿ ತಂದುಬಿಟ್ಟೆ. ಕಂಬಳಿ ಈಗ ನನ್ನ ಮೇಜಿನ ಮೇಲಿದೆ, ಕುರಿಯ ವಾಸನೆ ಇನ್ನೂ ಹೋಗಿಲ್ಲ. ನಾಳೆ ರೇಣಮ್ಮ "ಅಕಿಗಿ ಹೊಚ್ಚಿದ್ರೇನ್ರಿ?" ಎಂದು ಕೇಳಿದರೆ ಹೌದೆನ್ನುತ್ತೇನೆ. ಆಮೇಲೆ ಇದನ್ನು ಅವರ ಕಣ್ಣಿಗೆ ಬೀಳದಂತೆ ಎಲ್ಲಿಡಲಿ?