ಪೆತ್ರಾಳ ಗಿಳಿ

೧೪ ನವೆಂಬರ್ ೧೯೯೬, ಗುರುವಾರ

ನಮ್ಮ ರೇಡಿಯೋ ಸ್ಟೇಷನ್ ಇವತ್ತು ಮಾರಾಟವಾಯಿತು. ನಮ್ಮ ಹಳೆಯ ಮಾಲೀಕರು ದೋನ್ ಫಿದೆನ್ಸಿಯೋ ಮೂವತ್ತೆಂಟು ವರ್ಷದ ಹಿಂದೆ ಮೇಕೆಗಳನ್ನು ಹೊರಗಟ್ಟಿ ಕೊಟ್ಟಿಗೆಯಲ್ಲಿ ಶುರುಮಾಡಿದ್ದು, ಇನ್ನು ಮೊಂತೆರ್ರೆ ನಗರದ ಕಂಪನಿಯದು. ಹೊಸ ಮಾಲೀಕನಿಗೆ ಹಾಡು ಸಾಕಂತೆ, ನನ್ನ ಶುಭಾಶಯದ ಗಂಟೆ ಬೇಡವಂತೆ. ಗಡಿಯ ನದಿಯಾಚೆ ಟೆಕ್ಸಾಸ್‌ನಲ್ಲಿ ದುಡಿಯುವವರಿಗೆ ಈಚೆಯ ಮನೆಯವರು ಕಳಿಸುವ ಚೀಟಿಗಳನ್ನು ನಾನು ರೇಡಿಯೋದಲ್ಲಿ ಓದುವ ಒಂದು ಗಂಟೆಯ ಕಾರ್ಯಕ್ರಮ ಅದು.

ಚೀಟಿ ಕಡಿಮೆಯಾದ ದಿನ ನಾನೇ ಬರೆಯುತ್ತೇನೆ. ಪೆತ್ರಾ ಎಂಬ ಅಜ್ಜಿಯನ್ನೂ ಅವಳ ಕೆಮ್ಮುವ ಗಿಳಿಯನ್ನೂ ಸೃಷ್ಟಿಸಿದ ಮಹಾಪಾಪ ನನ್ನದೇ. ಇವತ್ತು ಸಹಿಗೆ ಬಂದ ಹೊಸ ಮಾಲೀಕನ ಎದುರೇ, ಸಾವಿನ ಸುದ್ದಿ ಓದುವ ಗಾಂಭೀರ್ಯದಲ್ಲಿ, ಗಿಳಿ ಜೋಳ ಮುಟ್ಟುತ್ತಿಲ್ಲ ಎಂದು ಓದಿದೆ.

ಫೋನ್ ಬಂತು, ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. ಆಚೆ ದಡದ ಈರುಳ್ಳಿ ಹೊಲದಿಂದ ಒಬ್ಬ ಹೆಂಗಸು.

"ಮಗಳೇ, ಗಿಳಿಗೆ ಬೆಚ್ಚಗೆ ಬಟ್ಟೆ ಹೊದಿಸೋಕೆ ಹೇಳು. ನಂಗೆ ಗಡಿ ದಾಟೋಕೆ ಕಾಗದಪತ್ರ ಇಲ್ಲ, ಒಂಬತ್ತು ವರ್ಷದಿಂದ ಊರಿಗೆ ಬಂದಿಲ್ಲ. ಚೀಟಿ ಕಳಿಸೋರೂ ಇಲ್ಲ. ಪೆತ್ರಕ್ಕನ ಸುದ್ದೀನೇ ನನ್ನ ಮನೆ ಸುದ್ದಿ."

ಹೇಳ್ತೀನಿ ಎಂದು ಫೋನ್ ಇಟ್ಟೆ.

ಹೊಸ ಮಾಲೀಕ ಪೆನ್ನು ಕೆಳಗಿಟ್ಟ. "ಯಾವ ಗಿಳಿ?"

ಎಲ್ಲ ಗೊತ್ತಿದ್ದ ದೋನ್ ಫಿದೆನ್ಸಿಯೋ ಟೋಪಿ ತೆಗೆದರು. "ಸ್ಟೇಷನ್ ಜೊತೆಗೇ ಬರುತ್ತೆ, ಸೆನ್ಯೋರ್. ಕೆಮ್ಮೂ ಸೇರಿ."

ಅವನು ಸಹಿ ಮಾಡಿದ. ಹೋಗುವಾಗ ಬಾಗಿಲಲ್ಲಿ ನಿಂತು, "ಗಂಟೆ ಇರಲಿ. ಗಿಳಿ ಹೇಗಿದೆ ಅಂತ ನಾಳೆ ಹೇಳಿ," ಎಂದ.

ಫೋನ್ ಮಾಡಿದವಳ ಹೆಸರು ಕೇಳುವುದನ್ನೇ ಮರೆತೆ. ನಾಳೆಯ ಮೊದಲ ಚೀಟಿ ಅವಳಿಗೆ: ಈರುಳ್ಳಿ ಹೊಲದ ಚಿಕ್ಕಮ್ಮನಿಗೆ, ಬಟ್ಟೆ ಹೊದಿಸಿದೆವು, ಎರಡು ಕಾಳು ತಿಂದಿದೆ. ಕೆಳಗೆ ಪೆತ್ರಾ ಎಂದು ಬರೆದು, ಹೊಡೆದುಹಾಕಿ, ಮತ್ತೆ ಪೆತ್ರಾ ಎಂದೇ ಬರೆದು, ಪಕ್ಕದಲ್ಲಿ ಚಿಕ್ಕದಾಗಿ ನನ್ನ ಹೆಸರನ್ನೂ ಬರೆದೆ.